ತ್ಯಾಗವೋ ಕಾಯಕವೋ: ಕಲ್ಯಾಣದ ಆನಂದಿಬಾಯಿ ಮತ್ತು ಕನ್ನಡದ ನಾಯಿಕೆಯರು

1. ಪ್ರಶ್ನೆಯ ಸ್ವರೂಪ

ಕನ್ನಡದಲ್ಲಿ ನಾಯಿಕೆಯನ್ನು ಕುರಿತು ಬರೆಯುವಾಗ ‘ತ್ಯಾಗಮಯಿ’ ಎಂಬ ವಿಶೇಷಣವನ್ನು ನಾವು ಬಹು ಸುಲಭವಾಗಿ ಬಳಸುತ್ತ ಬಂದಿದ್ದೇವೆ. ಕೊಟ್ಟ ಮಾತಿಗಾಗಿ, ಊರಿನ ಹಿತಕ್ಕಾಗಿ, ಗಂಡನ ಸತ್ಯಕ್ಕಾಗಿ ತನ್ನನ್ನು ತೆತ್ತುಕೊಂಡ ಹೆಣ್ಣು ನಮ್ಮ ಕಾವ್ಯಗಳಲ್ಲಿಯೂ ಹಾಡುಗಬ್ಬಗಳಲ್ಲಿಯೂ ಕಾದಂಬರಿಗಳಲ್ಲಿಯೂ ಮತ್ತೆ ಮತ್ತೆ ಬರುತ್ತಾಳೆ. ಇಂಥ ಪಾತ್ರಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಮೌಲ್ಯನಿಷ್ಠೆಯ ಉದಾಹರಣೆಗಳೆಂದು ಕೊಂಡಾಡುವುದು ಒಂದು ಪದ್ಧತಿ. ಅವೆಲ್ಲವೂ ಪುರುಷಪ್ರಧಾನ ವ್ಯವಸ್ಥೆಯ ಸೃಷ್ಟಿಗಳೆಂದು ಒಟ್ಟಾಗಿ ತಳ್ಳಿಹಾಕುವುದು ಇನ್ನೊಂದು ಪದ್ಧತಿ. ಎರಡರಲ್ಲಿಯೂ ಪಾತ್ರಗಳ ನಡುವಣ ವ್ಯತ್ಯಾಸ ಮರೆಯಾಗುತ್ತದೆ. ಯಾವ ಮೌಲ್ಯ, ಯಾರು ಆರಿಸಿಕೊಂಡ ಮೌಲ್ಯ, ಅದರ ಬೆಲೆಯನ್ನು ತೆತ್ತವರು ಯಾರು, ಅದರ ಫಲವನ್ನು ಉಂಡವರು ಯಾರು ಎಂಬ ಪ್ರಶ್ನೆಗಳನ್ನು ಕೇಳಿದಾಗ ಮಾತ್ರ ಈ ನಾಯಿಕೆಯರು ಒಬ್ಬೊಬ್ಬರಾಗಿ ಕಾಣತೊಡಗುತ್ತಾರೆ.

ಈ ಪ್ರಶ್ನೆಗಳನ್ನು ಎತ್ತಿಕೊಳ್ಳಲು ನಾವು ಕರ್ನಾಟಕದ ಹೊರಗಿನ ಒಂದು ನೆಲೆಯನ್ನು ಆರಿಸಿಕೊಂಡಿದ್ದೇವೆ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು ಎರಡು ಪರಂಪರೆಗಳ ನಡುವೆ ಬೆಳೆಯುತ್ತಾರೆ. ಮನೆಯ ಹಿರಿಯರ ಬಾಯಲ್ಲಿ ಪುಣ್ಯಕೋಟಿಯ ಕಥೆ. ಹೊರಗಿನ ಮರಾಠಿ ಲೋಕದಲ್ಲಿ ಡಾಕ್ಟರ್ ಆನಂದಿಬಾಯಿ ಜೋಶಿಯವರ ಕಥೆ. ಮೊದಲನೆಯದು ಕನ್ನಡ ಜನಪದದ ಸೃಷ್ಟಿ; ಎರಡನೆಯದು ಇದೇ ಕಲ್ಯಾಣದಲ್ಲಿ ಹುಟ್ಟಿದ ಒಂದು ಜೀವದ ಚರಿತ್ರೆ. ಕಲ್ಯಾಣವೆಂದೊಡನೆ ಕನ್ನಡಿಗರ ಮನಸ್ಸು ಬಸವಣ್ಣನವರ ಕಲ್ಯಾಣಕ್ಕೆ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣಕ್ಕೆ ಹೋಗುವುದು ಸಹಜ. ಇಲ್ಲಿ ಹೇಳುತ್ತಿರುವುದು ಥಾಣೆ ಜಿಲ್ಲೆಯ ರೈಲು ಕೂಡುದಾಣವಾದ ಕಲ್ಯಾಣವನ್ನು ಕುರಿತು. ಆದರೆ ಆ ಇನ್ನೊಂದು ಕಲ್ಯಾಣವು ನಮಗೆ ಕೊಟ್ಟ ಒಂದು ಪದ ಈ ಚರ್ಚೆಯ ಕೊನೆಯವರೆಗೂ ನಮ್ಮೊಡನೆ ಬರಲಿದೆ.

2. ಕನ್ನಡದ ನಾಲ್ಕು ಮಾದರಿಗಳು

ಮೊದಲನೆಯವಳು ‘ಕೆರೆಗೆ ಹಾರ’ದ ಭಾಗೀರಥಿ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬೀಳುವುದಿಲ್ಲ. ಕಿರಿಯ ಸೊಸೆಯನ್ನು ಬಲಿಕೊಡಬೇಕೆಂದು ನಿಶ್ಚಯವಾಗುತ್ತದೆ. ಈ ಹಾಡಿನ ಶಕ್ತಿಯಿರುವುದು ಬಲಿಯ ಹಿರಿಮೆಯಲ್ಲಿ ಎಂಬ ಓದು ಶಾಲೆಯ ಪಾಠಗಳಿಂದ ನಮ್ಮಲ್ಲಿ ಬೇರೂರಿದೆ. ಹಾಡನ್ನೇ ಮತ್ತೆ ಗಮನಿಸಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಭಾಗೀರಥಿ ತವರಿಗೆ ಹೋಗುತ್ತಾಳೆ. ಕಣ್ಣೀರಿನ ಕಾರಣ ಕೇಳಿದ ತಂದೆಗೆ ನಿಜ ಹೇಳುವುದಿಲ್ಲ. ಅತ್ತೆಮಾವ ಬೇರೆ ಇಡುತ್ತಾರಂತೆ ಎಂದು ಮರೆಮಾಚುತ್ತಾಳೆ. ನಿಜ ಹೊರಬೀಳುವುದು ಗೆಳತಿಯ ಮುಂದೆ ಮಾತ್ರ. ಆ ಗೆಳತಿಯೂ ಒಪ್ಪಿಕೊಳ್ಳುವುದರ ಹೊರತು ಬೇರೆ ದಾರಿ ತೋರುವುದಿಲ್ಲ. ಕೆರೆಯ ಬಳಿ ಮನೆಯವರು ಬಂಗಾರದ ಬಟ್ಟಲನ್ನು ಮರೆತುಬಂದ ನೆಪ ಮಾಡಿ ಅವಳೊಬ್ಬಳನ್ನೇ ಹಿಂದಕ್ಕೆ ಕಳಿಸುತ್ತಾರೆ. ನೀರು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇಲ್ಲಿ ಮೌಲ್ಯವನ್ನು ಆರಿಸಿದವರು ಮನೆಯ ಹಿರಿಯರು, ತೆತ್ತವಳು ಸೊಸೆ. ಹಾಡು ಇದನ್ನು ಅಡಗಿಸುವುದಿಲ್ಲ. ದಂಡಿನಿಂದ ಮರಳಿದ ಗಂಡ ಮಾದೇವರಾಯ ಅದೇ ಕೆರೆಗೆ ಹಾರಿಕೊಳ್ಳುವಲ್ಲಿ ಹಾಡು ಮುಗಿಯುತ್ತದೆ. ಊರಿಗೆ ನೀರು ಬಂತೆಂಬ ಸಂಭ್ರಮದಲ್ಲಿ ಅದು ಮುಗಿಯುವುದಿಲ್ಲವೆಂಬುದನ್ನು ನಮ್ಮ ಪ್ರಶಂಸೆಯ ವಿಮರ್ಶೆ ಸಾಕಷ್ಟು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಎರಡನೆಯದು ಪುಣ್ಯಕೋಟಿ. ಹಸುವಿನ ರೂಪದಲ್ಲಿದ್ದರೂ ಕನ್ನಡ ಮನಸ್ಸಿನಲ್ಲಿ ಅದು ತಾಯಿಯ, ಆ ಮೂಲಕ ಹೆಣ್ಣಿನ ಮಾದರಿಯಾಗಿಯೇ ನೆಲೆಗೊಂಡಿದೆ. ಭಾಗೀರಥಿಗೂ ಪುಣ್ಯಕೋಟಿಗೂ ಇರುವ ವ್ಯತ್ಯಾಸ ಮೂಲಭೂತವಾದುದು. ಪುಣ್ಯಕೋಟಿ ಹುಲಿಯೊಡನೆ ಮಾತನಾಡುತ್ತದೆ, ಕರಾರು ಮಾಡುತ್ತದೆ, ಕರುವಿಗೆ ನಿಜವನ್ನೇ ಹೇಳುತ್ತದೆ, ಅದನ್ನು ತನ್ನ ಸಂಗಡಿಗರ ಕೈಗೆ ಒಪ್ಪಿಸುತ್ತದೆ. ಕೊಟ್ಟ ಮಾತು ಅದರದೇ. ಇನ್ನೂ ಮುಖ್ಯವಾದುದೆಂದರೆ ಕಥೆಯು ಆ ಬಲಿಯನ್ನು ಸ್ವೀಕರಿಸುವುದಿಲ್ಲ. ಹುಲಿ ನಾಚಿ ಪ್ರಾಣ ಬಿಡುತ್ತದೆ; ಸತ್ಯವಂತೆ ಬದುಕಿ ಹಟ್ಟಿಗೆ ಮರಳುತ್ತಾಳೆ. ಮೌಲ್ಯವನ್ನು ಉಳಿಸಿದವಳೂ ಉಳಿಯಬೇಕೆಂಬ ಜನಪದದ ನ್ಯಾಯಬುದ್ಧಿ ಇಲ್ಲಿದೆ.

ಮೂರನೆಯವಳು ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದ ಚಂದ್ರಮತಿ. ಸತ್ಯವ್ರತ ಗಂಡನದು; ಮಾರಾಟವಾದವಳು ಹೆಂಡತಿ, ಹಾವು ಕಚ್ಚಿ ಸತ್ತ ಮಗ ಲೋಹಿತಾಶ್ವನನ್ನು ಸುಡುಗಾಡಿಗೆ ಹೊತ್ತು ತಂದವಳೂ ಅವಳೇ. ಕೊನೆಯಲ್ಲಿ ಗಂಡನ ಕತ್ತಿಗೆ ಕೊರಳೊಡ್ಡುವಾಗ ಹಿಂಜರಿಯದಂತೆ ಅವನಿಗೆ ಧೈರ್ಯ ಹೇಳುವವಳು ಕೂಡ ಅವಳೇ. ಹೀಗೆ ಗಂಡನ ಮೌಲ್ಯವನ್ನು ತನ್ನದಾಗಿಸಿಕೊಂಡ ನಾಯಿಕೆಯ ಮಾದರಿ ಚಂದ್ರಮತಿಯಲ್ಲಿ ಪೂರ್ಣತೆ ಪಡೆದಿದೆ. ಆದರೆ ರಾಘವಾಂಕ ದೊಡ್ಡ ಕವಿ. ಅದೇ ಕಾವ್ಯದಲ್ಲಿ ಅವನು ವಿಶ್ವಾಮಿತ್ರ ಸೃಷ್ಟಿಯ ಹಾಡುಗಾತಿಯರನ್ನೂ ತಂದಿದ್ದಾನೆ. ಹಾಡನ್ನು ಕೇಳಿ ಕಿವಿ ತಣಿದಾಗ, ರೂಪನ್ನು ಕಂಡು ಕಣ್ಣು ತಣಿದಾಗ ಇಲ್ಲದ ಹೊಲೆ ಸ್ಪರ್ಶಕ್ಕೆ ಮಾತ್ರ ಎಲ್ಲಿಂದ ಬಂತೆಂದು ಅವರು ಅರಸನನ್ನು ಕೇಳುತ್ತಾರೆ. ರಾಜ್ಯವನ್ನು ಬಿಟ್ಟರೂ ಕುಲವನ್ನು ಬಿಡಲಾರದ ಸತ್ಯವ್ರತದ ಮಿತಿ ಆ ಪ್ರಶ್ನೆಯಲ್ಲಿ ಬಯಲಾಗುತ್ತದೆ. ಚಂದ್ರಮತಿಯನ್ನು ಓದುವವರು ಈ ಹಾಡುಗಾತಿಯರನ್ನೂ ಜೊತೆಗಿಟ್ಟುಕೊಂಡು ಓದಬೇಕೆಂಬುದು ನಮ್ಮ ಅಭಿಪ್ರಾಯ.

ನಾಲ್ಕನೆಯವಳು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ತಂದ ಕಡೆಗೇ ಸುರಿದು ಬರುವಂತೆ ಅವಳು ಹೇಳಿದಳೆಂಬುದು ಪ್ರಸಿದ್ಧ ಪ್ರಸಂಗ. ಇಲ್ಲಿಯೂ ಮೌಲ್ಯಕ್ಕಾಗಿ ಬಿಡುವ ಕ್ರಿಯೆಯಿದೆ. ಬಿಡುವುದು ಅತಿಯಾಸೆಯನ್ನು, ಪ್ರಾಣವನ್ನಾಗಲಿ ಮಾತನ್ನಾಗಲಿ ಅಲ್ಲ. ಮೌಲ್ಯದ ನಿರ್ಣಯ ಅವಳದು, ಗಂಡನನ್ನು ತಿದ್ದುವ ಅಧಿಕಾರವೂ ಅವಳದು. ಈ ನಾಯಿಕೆಯ ಶೌರ್ಯಕ್ಕೆ ಮರಣದ ಅಗತ್ಯವಿಲ್ಲ. ಅದು ದಿನದಿನದ ದುಡಿಮೆಯಲ್ಲಿ, ಎಂದರೆ ಕಾಯಕದಲ್ಲಿ ಇದೆ. ನಮ್ಮ ನಾಯಿಕಾ ವಿಮರ್ಶೆಯಲ್ಲಿ ಅತಿ ಕಡಮೆ ಬಳಕೆಯಾದ ಮಾದರಿ ಇದೇ.

3. ಕಲ್ಯಾಣದ ಆನಂದಿಬಾಯಿ

ಮುಂಬಯಿಯ ಬೋರಿಬಂದರಿನಿಂದ ಥಾಣೆಗೆ ಮೊದಲ ರೈಲು ಓಡಿದ್ದು 1853ರಲ್ಲಿ. ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. ಯಮುನಾ ಎಂಬ ಹೆಣ್ಣುಮಗು ಅಲ್ಲಿ ಹುಟ್ಟಿದ್ದು 1865ರ ಮಾರ್ಚ್ 31ರಂದು. ಒಂಬತ್ತನೆಯ ವಯಸ್ಸಿಗೆ ಅಂಚೆ ಇಲಾಖೆಯ ಗುಮಾಸ್ತರೂ ವಿಧುರರೂ ಆಗಿದ್ದ, ಅವಳಿಗಿಂತ ಸುಮಾರು ಇಪ್ಪತ್ತು ವರ್ಷ ಹಿರಿಯರಾದ ಗೋಪಾಲರಾವ್ ಜೋಶಿಯವರೊಡನೆ ಮದುವೆ. ಮದುವೆಯಲ್ಲಿ ಆನಂದಿ ಎಂದು ಹೊಸ ಹೆಸರು. ಹದಿನಾಲ್ಕನೆಯ ವಯಸ್ಸಿಗೆ ಹೆತ್ತ ಮಗು ಹತ್ತು ದಿನ ಮಾತ್ರ ಬದುಕಿತು. ಹೆಂಗಸರನ್ನು ಪರೀಕ್ಷಿಸಿ ಔಷಧ ಕೊಡುವ ಹೆಂಗಸರೇ ಇಲ್ಲದ ಕಾಲದ ಈ ನೋವೇ ಅವರನ್ನು ವೈದ್ಯಶಾಸ್ತ್ರದ ಕಡೆಗೆ ತಿರುಗಿಸಿತೆಂದು ಚರಿತ್ರಕಾರರು ಹೇಳುತ್ತಾರೆ. 1883ರಲ್ಲಿ ಅವರು ಗಂಡನಿಲ್ಲದೆ ಕಲ್ಕತ್ತೆಯಿಂದ ಹಡಗು ಹತ್ತಿದರು. 1886ರ ಮಾರ್ಚ್‌ನಲ್ಲಿ ಪೆನ್ಸಿಲ್ವೇನಿಯದ ಮಹಿಳಾ ವೈದ್ಯಕೀಯ ಕಾಲೇಜಿನ ಪದವಿ ಪಡೆದರು. ಅವರ ಪ್ರೌಢಪ್ರಬಂಧದ ವಿಷಯ ಹಿಂದೂಗಳಲ್ಲಿ ಪ್ರಸೂತಿ ವಿಜ್ಞಾನ. ಕೊಲ್ಲಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀ ವಿಭಾಗಕ್ಕೆ ನೇಮಕವೂ ಆಯಿತು. ಆದರೆ ಕ್ಷಯರೋಗದಿಂದ ಜರ್ಜರಿತರಾಗಿ ಹಿಂತಿರುಗಿದ ಅವರು 1887ರ ಫೆಬ್ರುವರಿ 26ರಂದು ಪುಣೆಯಲ್ಲಿ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೆರಡು ತುಂಬಿರಲಿಲ್ಲ.

ಈ ಜೀವನ ಕಥನವಾಗಲು ತಡವಾಗಲಿಲ್ಲ. 1888ರಲ್ಲಿಯೇ ಬಾಸ್ಟನ್ನಿನಲ್ಲಿ ಕ್ಯಾರೊಲಿನ್ ಹೀಲಿ ಡಾಲ್ ಅವರ ಇಂಗ್ಲಿಷ್ ಜೀವನಚರಿತ್ರೆ ಪ್ರಕಟವಾಯಿತು. ಕೆಲವೇ ವರ್ಷಗಳಲ್ಲಿ ಮರಾಠಿಯ ಆದ್ಯ ಲೇಖಕಿಯರಲ್ಲೊಬ್ಬರಾದ ಕಾಶೀಬಾಯಿ ಕಾನಿಟಕರ್ ಅವರು ಪತ್ರಗಳ ಆಧಾರದಿಂದ ಮರಾಠಿ ಚರಿತ್ರೆಯನ್ನು ಬರೆದರು. ಶ್ರೀ. ಜ. ಜೋಶಿಯವರ ಕಾದಂಬರಿ ‘ಆನಂದೀ ಗೋಪಾಳ’ 1968ರಲ್ಲಿ ಬಂದು ಮನೆಮಾತಾಯಿತು. ಅದೇ ಹೆಸರಿನ ಮರಾಠಿ ಚಲನಚಿತ್ರ 2019ರಲ್ಲಿ ತೆರೆಕಂಡಿತು. ಕಾದಂಬರಿಯ ಹೆಸರೇ ಗಮನಾರ್ಹ. ನಾಯಿಕೆಯ ಹೆಸರಿನೊಡನೆ ಗಂಡನ ಹೆಸರನ್ನು ಬಿಡಿಸಲಾಗದಂತೆ ಜೋಡಿಸಿದ ಆ ಶೀರ್ಷಿಕೆಯಲ್ಲಿ ಚಂದ್ರಮತಿಯ ಮಾದರಿ ಕೆಲಸಮಾಡುತ್ತಿದೆ. ಸುಧಾರಣೆ ಗಂಡನ ವ್ರತ. ಅದಕ್ಕಾಗಿ ಸವೆದವಳು ಹೆಂಡತಿ. ಹರಿಶ್ಚಂದ್ರನ ಸತ್ಯದ ಜಾಗದಲ್ಲಿ ಸ್ತ್ರೀಶಿಕ್ಷಣ ಬಂದಿದೆ, ಕಥನದ ಕಟ್ಟು ಮಾತ್ರ ಹಳೆಯದೇ.

ಗೋಪಾಲರಾಯರ ಪಾಲನ್ನು ಅಲ್ಲಗಳೆಯುವಂತಿಲ್ಲ. ಅವರ ಹಟವಿಲ್ಲದಿದ್ದರೆ ಆ ಕಾಲದ ಹುಡುಗಿಯೊಬ್ಬಳಿಗೆ ಅಕ್ಷರ ಕಲಿಯುವುದೇ ದುಸ್ತರವಾಗುತ್ತಿತ್ತು. ಆದರೆ ಆ ಹಟದ ಇನ್ನೊಂದು ಮುಖವನ್ನು ಆನಂದಿಬಾಯಿಯವರೇ ದಾಖಲಿಸಿದ್ದಾರೆ. ಎಳೆಯ ವಯಸ್ಸಿನಲ್ಲಿ ತಿಂದ ಪೆಟ್ಟುಗಳನ್ನು, ಬಿಟ್ಟುಬಿಡುತ್ತೇನೆಂಬ ಬೆದರಿಕೆಯನ್ನು ಅಮೆರಿಕದಿಂದ ಗಂಡನಿಗೇ ಬರೆದ ಪತ್ರದಲ್ಲಿ ಅವರು ನೆನೆದಿದ್ದಾರೆ. ಭಾಗೀರಥಿ ಗೆಳತಿಯ ಮುಂದೆ ಮಾತ್ರ ಆಡಿದ ನಿಜವನ್ನು ಇವರು ಯಾರಿಗೆ ಹೇಳಬೇಕೋ ಅವರಿಗೇ ಹೇಳಿದರು. ಈ ಪತ್ರಗಳನ್ನು ಮುಂದಿಟ್ಟುಕೊಂಡು ಆನಂದಿಬಾಯಿಯವರನ್ನು ಗಂಡನ ನೆರಳಿನಿಂದ ಬಿಡಿಸಿ ಓದುವ ಕೆಲಸವನ್ನು ಮೀರಾ ಕೋಸಂಬಿಯವರು ಮಾಡಿದ್ದಾರೆ. ನಮ್ಮ ಓದು ಅವರಿಗೆ ಋಣಿ.

ಪ್ರಯಾಣಕ್ಕೆ ಮುನ್ನ, 1883ರಲ್ಲಿ, ಸೆರಾಂಪುರದ ಕಾಲೇಜಿನಲ್ಲಿ ಆನಂದಿಬಾಯಿ ಮಾಡಿದ ಇಂಗ್ಲಿಷ್ ಭಾಷಣ ಈ ದೃಷ್ಟಿಯಿಂದ ಬಹಳ ಮುಖ್ಯವಾದ ಪಠ್ಯ. ಜನ ಕೇಳುತ್ತಿದ್ದ ಪ್ರಶ್ನೆಗಳನ್ನು ಅವರು ಆರಾಗಿ ವಿಂಗಡಿಸಿಕೊಂಡು ಒಂದೊಂದಕ್ಕೂ ಉತ್ತರಿಸಿದರು: ಅಮೆರಿಕಕ್ಕೇ ಏಕೆ, ಇಲ್ಲಿ ಓದಲಾಗದೆ, ಒಂಟಿಯಾಗಿ ಏಕೆ, ಮರಳಿದ ಮೇಲೆ ಬಹಿಷ್ಕಾರ ಬಾರದೆ, ಕೇಡು ಸಂಭವಿಸಿದರೆ ಗತಿಯೇನು, ಬೇರಾವ ಹೆಣ್ಣೂ ಮಾಡದುದನ್ನು ತಾನೇಕೆ ಮಾಡಬೇಕು. ಕೊನೆಯ ಪ್ರಶ್ನೆ ಮೂಲಮಾದರಿಯನ್ನೇ ಕುರಿತದ್ದು. ಹಿಂದಿನ ನಾಯಿಕೆಯರಲ್ಲಿ ಉದಾಹರಣೆಯಿಲ್ಲದ ನಡೆಗೆ ಆಧಾರವೇನು? ಅದಕ್ಕೆ ಅವರಿತ್ತ ಉತ್ತರದ ತಾತ್ಪರ್ಯ ಇಷ್ಟು: ಪ್ರತಿಯೊಬ್ಬ ವ್ಯಕ್ತಿಯ ದುಡಿಮೆಯ ಮೇಲೂ ಸಮಾಜಕ್ಕೆ ಹಕ್ಕಿದೆ, ಕಷ್ಟಕ್ಕೆ ಅಂಜಿ ಆ ಹೊಣೆಯಿಂದ ಜಾರುವುದು ತರವಲ್ಲ. ತಮ್ಮ ನಡೆಗೆ ಅವರು ಕೊಟ್ಟ ಸಮರ್ಥನೆ ದುಡಿಮೆಯದು. ಇದು ಲಕ್ಕಮ್ಮನ ಸಾಲಿಗೆ ಸೇರುವ ಮಾತು. ಅವರನ್ನು ಭಾಗೀರಥಿಯ ಸಾಲಿಗೆ ಸೇರಿಸಿದ್ದು ಆಮೇಲಿನ ಕಥನ.

4. ಅಳಿದವಳು ಮತ್ತು ಉಳಿದವಳು

ಆನಂದಿಬಾಯಿಯವರ ಪದವಿದಾನ ಸಮಾರಂಭಕ್ಕೆ ಇಂಗ್ಲೆಂಡಿನಿಂದ ಹೊರಟು ಬಂದವರು ಪಂಡಿತಾ ರಮಾಬಾಯಿ. ಇಬ್ಬರೂ ದೂರದ ಬಂಧುಗಳು. ರಮಾಬಾಯಿ ಹುಟ್ಟಿದ್ದು ಕನ್ನಡ ನೆಲದಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಪಂಡಿತವರ್ಗದ ವಿರೋಧವನ್ನು ಎದುರಿಸಿದವರು. ಕ್ಷಾಮದಲ್ಲಿ ತಂದೆತಾಯಿಗಳನ್ನು, ಮದುವೆಯಾದ ಎರಡೇ ವರ್ಷಗಳಲ್ಲಿ ಗಂಡನನ್ನು ಕಳೆದುಕೊಂಡ ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಧರ್ಮ ಸ್ವೀಕರಿಸಿದರು, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು, 1922ರವರೆಗೆ ಬದುಕಿದರು.

ಒಂದೇ ಕಾಲದ, ಒಂದೇ ಬಂಧುವರ್ಗದ ಈ ಇಬ್ಬರಿಗೆ ಸಮಾಜ ತೋರಿದ ಪ್ರತಿಕ್ರಿಯೆಯನ್ನು ಹೋಲಿಸಿ ನೋಡಬೇಕು. ಹಿಂದುವಾಗಿಯೇ ಹೋಗಿ ಹಿಂದುವಾಗಿಯೇ ಮರಳುತ್ತೇನೆಂದು ಸೆರಾಂಪುರದಲ್ಲಿ ಹೇಳಿ ಹಾಗೆಯೇ ಮರಳಿದ, ಮರಳಿ ಕೆಲವೇ ತಿಂಗಳಲ್ಲಿ ಅಳಿದ ಆನಂದಿಬಾಯಿಯವರನ್ನು ಪುಣೆಯ ಸಮಾಜ ಹೆಮ್ಮೆಯಿಂದ ಸ್ವೀಕರಿಸಿತು. ಮತಾಂತರಗೊಂಡು, ಬದುಕಿ, ಸಂಸ್ಥೆ ಕಟ್ಟಿದ ರಮಾಬಾಯಿಯವರನ್ನು ಅದೇ ಸಮಾಜ ಕಟುವಾಗಿ ನಿಂದಿಸಿತು. ಇದಕ್ಕೆ ಮತಾಂತರವೇ ಮುಖ್ಯ ಕಾರಣವೆಂಬುದು ನಿಜ. ಆದರೂ ನಾಯಿಕೆಯ ಮಾದರಿಯ ದೃಷ್ಟಿಯಿಂದ ಇನ್ನೊಂದು ಕಾರಣವೂ ಇದೆಯೆಂದು ನಮಗೆ ತೋರುತ್ತದೆ. ಅಳಿದ ನಾಯಿಕೆಯ ಮೌಲ್ಯವನ್ನು ಹೊಗಳುವವರು ತಮಗೆ ಬೇಕಾದಂತೆ ವ್ಯಾಖ್ಯಾನಿಸಿಕೊಳ್ಳಬಹುದು. ಉಳಿದವಳು ಮಾತಾಡುತ್ತಾಳೆ, ಲೆಕ್ಕ ಕೇಳುತ್ತಾಳೆ, ಮನಸ್ಸು ಬದಲಿಸುತ್ತಾಳೆ. ಆದಕಾರಣ ತ್ಯಾಗದ ಕಥನಕ್ಕೆ ಮರಣ ಅನುಕೂಲ. ಆನಂದಿಬಾಯಿ ಬದುಕಿ ಕೊಲ್ಲಾಪುರದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿದ್ದರೆ ಅವರ ಮೇಲೆ ಇಷ್ಟು ಕಥನಗಳು ಹುಟ್ಟುತ್ತಿದ್ದವೇ ಎಂಬ ಪ್ರಶ್ನೆ ಕಠಿಣವಾದುದು, ಆದರೆ ಕೇಳಲೇಬೇಕಾದುದು.

5. ಕನ್ನಡ ಕಾದಂಬರಿ ಹೇಳಿದ್ದೇನು?

ಕನ್ನಡ ಕಾದಂಬರಿ ಈ ಪ್ರಶ್ನೆಗೆ ಆರಂಭದಿಂದಲೂ ಎದುರಾಗಿದೆ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ‘ಸದ್ಧರ್ಮ ವಿಜಯವು’ ಎಂಬ ಎರಡನೆಯ ಹೆಸರನ್ನೂ ಹೊತ್ತಿದೆ. ಇಲ್ಲಿಯ ಬಾಲವಿಧವೆ ಮನೆಯನ್ನು ತೊರೆದು, ವಿದ್ಯೆ ಕಲಿತು, ಮರುಮದುವೆಯಾಗಿ ಬಾಳುತ್ತಾಳೆ. ಸದ್ಧರ್ಮದ ವಿಜಯಕ್ಕೆ ನಾಯಿಕೆಯ ಬಲಿ ಬೇಡವೆಂದು, ಅವಳ ಸುಖವೇ ಸದ್ಧರ್ಮದ ಕುರುಹೆಂದು ಹೇಳುವ ಧೈರ್ಯ ಕನ್ನಡದ ಈ ಮೊದಲ ಸಾಮಾಜಿಕ ಕಾದಂಬರಿಗಿತ್ತು. ಕಲಾತ್ಮಕವಾಗಿ ಅದರಲ್ಲಿ ಎಷ್ಟೇ ಕೊರತೆಗಳಿರಲಿ, ಪುಣ್ಯಕೋಟಿಯ ಕಥೆಯ ನ್ಯಾಯಬುದ್ಧಿ ಅದರಲ್ಲಿ ಮುಂದುವರಿದಿದೆ.

ಇದಕ್ಕಿಂತ ಸೂಕ್ಷ್ಮವಾದುದು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976). ಬಾಲ್ಯದಲ್ಲಿಯೇ ವಿಧವೆಯಾಗಿ ಶತಾಯುಷಿಯಾಗಿ ಬದುಕಿದ ಫಣಿಯಮ್ಮ ಹೊರನೋಟಕ್ಕೆ ತ್ಯಾಗದ ಪರಮಮಾದರಿ: ಒಪ್ಪೊತ್ತಿನ ಊಟ, ಮಡಿ, ಮೌನ. ಆದರೆ ಅವಳು ತ್ಯಾಗವನ್ನು ಪರರ ಮೇಲೆ ಹೇರುವುದಿಲ್ಲ. ತಲೆ ಬೋಳಿಸಿಕೊಳ್ಳಲು ಒಲ್ಲದ ತರುಣ ವಿಧವೆ ದಾಕ್ಷಾಯಣಿಯ ಪರವಾಗಿ ನಿಲ್ಲುತ್ತಾಳೆ. ಹೆರಿಗೆಯ ಸಂಕಟದಲ್ಲಿದ್ದ ಅಸ್ಪೃಶ್ಯ ಜಾತಿಯ ಹೆಣ್ಣಿಗೆ ಮಡಿಯನ್ನು ಮೀರಿ ತನ್ನ ಕೈಯನ್ನೇ ನೀಡುತ್ತಾಳೆ. ರಾಘವಾಂಕನ ಹಾಡುಗಾತಿಯರು ಸ್ಪರ್ಶವನ್ನು ಕುರಿತು ಕೇಳಿದ ಪ್ರಶ್ನೆಗೆ ಹರಿಶ್ಚಂದ್ರ ಕೊಡಲಾರದ ಉತ್ತರವನ್ನು ಈ ಮುದುಕಿ ಮಾತಿಲ್ಲದೆ ಕೊಟ್ಟಳು. ಕಲ್ಯಾಣದ ಆನಂದಿಬಾಯಿ ಪ್ರಸೂತಿ ವಿಜ್ಞಾನವನ್ನೇ ಆರಿಸಿಕೊಂಡದ್ದನ್ನು ಇದರ ಪಕ್ಕದಲ್ಲಿ ಇಡೋಣ. ಒಬ್ಬಳಿಗೆ ಕಾಲೇಜಿನ ಪದವಿ, ಇನ್ನೊಬ್ಬಳಿಗೆ ಅನುಭವದ ಕೈಗುಣ. ತಮ್ಮ ಪಾಲಿಗೆ ಬಂದ ನೋವನ್ನು ಇನ್ನೊಬ್ಬ ಹೆಣ್ಣಿನ ಜೀವ ಉಳಿಸುವ ಕೆಲಸವಾಗಿ ತಿರುಗಿಸಿದ್ದು ಇಬ್ಬರಿಗೂ ಸಮಾನ. ಈ ತಿರುಗಿಸುವಿಕೆಗೆ ತ್ಯಾಗವೆಂಬ ಪದ ಸಾಲದು. ಕನ್ನಡದಲ್ಲಿ ಅದಕ್ಕೆ ಹತ್ತಿರದ ಪದ ಕಾಯಕ.

6. ಉಪನಗರಗಳಿಂದ ಒಂದು ಓದು

ಈ ಚರ್ಚೆ ಗ್ರಂಥಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಮುಂಬಯಿಗೆ ವಲಸೆ ಬಂದ ಕುಟುಂಬಗಳು ನಗರದೊಳಗೆ ಮನೆ ದುಬಾರಿಯಾದಂತೆ ಥಾಣೆ, ಡೊಂಬಿವಲಿ, ಕಲ್ಯಾಣಗಳ ಕಡೆಗೆ ಸರಿದವು. 1970ರ ಬಳಿಕ ಯೋಜಿತವಾಗಿ ಬೆಳೆದ ನವಿ ಮುಂಬಯಿಗೆ 1992ರಲ್ಲಿ ವಾಶಿಯವರೆಗೆ ಉಪನಗರ ರೈಲು ಬಂದಮೇಲೆ ಅಲ್ಲಿಯೂ ಕನ್ನಡದ ಮನೆಗಳು ಹೆಚ್ಚಿದವು. ಈ ವಲಸೆಯ ಕಥೆಯನ್ನು ಸಂಘಸಂಸ್ಥೆಗಳ ಸ್ಮರಣಸಂಚಿಕೆಗಳು ಹೇಳುವಾಗ ಗಂಡಸರ ಪಾಲಿಗೆ ‘ಸಾಧನೆ’ ಎಂಬ ಪದವೂ ಹೆಂಗಸರ ಪಾಲಿಗೆ ‘ತ್ಯಾಗ’ ಎಂಬ ಪದವೂ ಸಾಮಾನ್ಯವಾಗಿ ಹಂಚಿಕೆಯಾಗುತ್ತವೆ. ನಸುಕಿನಲ್ಲೆದ್ದು ಡಬ್ಬಿ ಕಟ್ಟಿ, ಕಿಕ್ಕಿರಿದ ಗಾಡಿಯಲ್ಲಿ ಕಚೇರಿಗೆ ಹೋಗಿ ಬಂದು, ರಾತ್ರಿ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸಿದವಳನ್ನು ತ್ಯಾಗಮಯಿ ಎಂದು ಕರೆದಾಗ ಅವಳ ದುಡಿಮೆ ಲೆಕ್ಕದಿಂದ ಹೊರಗುಳಿಯುತ್ತದೆ. ಅವಳ ನಿರ್ಧಾರಗಳು ಕಾಣದಾಗುತ್ತವೆ. ತ್ಯಾಗಕ್ಕೆ ಹಾರ ಹಾಕುವುದು ವಾಡಿಕೆ. ಕಾಯಕಕ್ಕೆ ಪಾಲು ಕೊಡಬೇಕಾಗುತ್ತದೆ.

ಮುಂಬಯಿಯ ಕನ್ನಡ ಕಥೆಗಾರರಲ್ಲಿ ಕೆಲವರಿಗೆ ಈ ಎಚ್ಚರವಿದೆ. ಜಯಂತ ಕಾಯ್ಕಿಣಿಯವರ ಕಥೆಯಲ್ಲಿ ಇರಾನಿ ಹೋಟೆಲಿನ ಕೆಲಸಕ್ಕೆ ಸೇರುವ ಮೋಗ್ರಿಯಂಥ ಹೆಣ್ಣುಮಕ್ಕಳಿಗೆ ಬಲಿಯ ಪ್ರಭಾವಳಿ ಇಲ್ಲ. ದಿನದ ಸಣ್ಣ ನಿರ್ಧಾರಗಳಲ್ಲಿ ಘನತೆಯನ್ನು ಉಳಿಸಿಕೊಳ್ಳುವುದೇ ಅವರ ಮೌಲ್ಯ. ತೇಜಸ್ವಿನಿ ನಿರಂಜನ ಅವರ ಅನುವಾದದಲ್ಲಿ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಎಂಬ ಹೆಸರಿನಿಂದ ಪ್ರಕಟವಾಗಿ 2018ರ ಸಾಲಿನ ಡಿಎಸ್‌ಸಿ ಪ್ರಶಸ್ತಿ ಪಡೆದ ಸಂಕಲನದ ಮೂಲಕ ಈ ಮುಂಬಯಿ ಕಥೆಗಳು ಕನ್ನಡ ಬಾರದ ಸಂಶೋಧಕರಿಗೂ ದೊರೆಯುತ್ತವೆ. ಮಿತ್ರಾ ವೆಂಕಟ್ರಾಜರ ಕಥೆಗಳನ್ನೂ ಇದೇ ದೃಷ್ಟಿಯಿಂದ ಓದಬೇಕಾಗಿದೆ.

ಹೊರನಾಡಿನಲ್ಲಿ ಕೆಲಸಮಾಡುತ್ತಿರುವ ಸಂಶೋಧಕರ ಮುಂದೆ ನಾವು ಇಡಬಯಸುವ ಸೂಚನೆ ಇದು. ಭಾಗೀರಥಿ, ಪುಣ್ಯಕೋಟಿ, ಚಂದ್ರಮತಿ, ಲಕ್ಕಮ್ಮ ಎಂಬ ನಾಲ್ಕು ಮಾದರಿಗಳನ್ನು ಶ್ರೇಣಿಯಾಗಿ ನೋಡದೆ ನಾಲ್ಕು ಪ್ರಶ್ನೆಗಳಾಗಿ ಬಳಸಬಹುದು: ಅವಳು ನಿಜವನ್ನು ಯಾರ ಮುಂದೆ ಹೇಳಿದಳು? ಮಾತು ಕೊಟ್ಟವರು ಯಾರು? ವ್ರತ ಯಾರದು? ಬಿಟ್ಟದ್ದು ಏನನ್ನು? ಮರಾಠಿ, ತುಳು, ಕೊಂಕಣಿ, ಕನ್ನಡಗಳು ಒಂದೇ ಮಹಡಿಯ ನೆರೆಮನೆಗಳಾಗಿರುವ ಈ ಊರುಗಳಲ್ಲಿ ಹಿರಿಯ ತಲೆಮಾರಿನ ಹೆಂಗಸರ ಆತ್ಮಕಥನಗಳನ್ನು ಈ ಪ್ರಶ್ನೆಗಳೊಡನೆ ದಾಖಲಿಸುವ ಕೆಲಸ ತುರ್ತಿನದು. ಆ ತಲೆಮಾರು ಬೇಗ ಬೇಗ ಕಣ್ಮರೆಯಾಗುತ್ತಿದೆ. ಹಾಗೆ ದಾಖಲಿಸುವಾಗ ತ್ಯಾಗವೆಂಬ ಪದವನ್ನು ನಾವಾಗಿ ಅವರ ಬಾಯಿಗೆ ಇಡಬಾರದು. ಕಲ್ಯಾಣದ ಹುಡುಗಿ ಆರು ಪ್ರಶ್ನೆಗಳಿಗೆ ತಾನೇ ಉತ್ತರ ಹೇಳಿದ್ದಳು. ಇವರೂ ಹೇಳಬಲ್ಲರು, ಕೇಳುವವರು ಬೇಕು.